ಸಾಂಬ್ರಾ ಏರ್‌ಪೋರ್ಟ್‌ಗೆ ಮಾಮಾನ್ನ ಬಿಡಾಕ ಹೋದ ದಿನಾ

ನಮಸ್ಕಾರ್ರೀ ಎಲ್ಲಾರಿಗೂ. ಈಗ ಮುಂಜಾನಿ ಆರೂವರಿ, ಬೆಳಗಾವಿ-ಬಾಗಲಕೋಟಿ ರೋಡಿನ್ಯಾಗ ಸಾಂಬ್ರಾಕ್ಕ ಹೊಂಟೇವಿ, ನಮ್ಮ ಬೆಳಗಾವಿ ಏರ್‌ಪೋರ್ಟ್ ಇರೂದು ಅಲ್ಲೇ, ನಿಲಜಿ ದಾಟಿ ಮುತಗಾ ದಾಟಿ, ಮಳಿ ಅಂದ್ರ ಜಿಟಿಜಿಟಿ ಹಿಡದೇತಿ, ವೈಪರ್ ಕುರ್ರ್ ಕುರ್ರ್ ಅನ್ನಾಕತ್ತೇತಿ. ಹಿಂದ ಕುಂತಾರಲ್ಲ, ಅವ್ರು ನಮ್ಮ ಮಾಮಾ, ಅಕ್ಕನ ಗಂಡ. ತೊಡಿ ಮ್ಯಾಲ ಎರಡ ಕಿಲೋ ಕುಂದಾ ಡಬ್ಬಿ. ಉದ್ಯಮಬಾಗದಾಗ ಸಣ್ಣದೊಂದು ಲೇಥ್ ವರ್ಕ್‌ಶಾಪ್ ಐತಿ ಅವರದು, ಬೆಂಗಳೂರಾಗ ಪೀಣ್ಯಾದ ಪಾರ್ಟಿ ಒಂದು ಭೆಟ್ಟಿ ಆಗೂಣ ಬರ್ರಿ ಅಂದೇತಿ.

ಒಂದ ತಾಸಿನ ಮಾತು ಅಷ್ಟ. ಬಸ್ಸಿಗೆ ಹೋದ್ರ 500 ಕಿಲೋಮೀಟರ್, ಸ್ಲೀಪರ್‌ನಾಗ ರಾತ್ರಿಯೆಲ್ಲಾ ಉರುಳಾಡಿ, ಮುಂಜಾನಿ ಮಾರಿ ತೊಳಕೊಳ್ಳಾಕ ಜಾಗಾ ಹುಡುಕಿ, ಮತ್ತ ರಾತ್ರಿ ಬಸ್ ಹಿಡದು ಬರೂದು, ಅಂದ್ರ ಒಂದ ತಾಸಿಗೆ ಎರಡ ರಾತ್ರಿ ಖರ್ಚು. ಅದಕ್ಕ ನಾ ಹೇಳೂದು, ಏರ್‌ಪೋರ್ಟ್‌ನಾಗ ಎಷ್ಟ ಊರಿಗೆ ಫ್ಲೈಟ್ ಅದಾವು ಅನ್ನೂದು ನಂಗ ಮುಖ್ಯ ಅನಸೂದಿಲ್ಲ, ಮುಂಜಾನಿ ಹೋಗಿ ಸಂಜಿಕ ಮನಿ ಊಟಕ್ಕ ಬರಾಕ ಆಗತೇತೋ ಇಲ್ಲೋ ಅಷ್ಟ ನೋಡ್ರಿ.

ಹಾಂ, ಇದ ನೋಡ್ರಿ ಏರ್‌ಪೋರ್ಟ್ ಕಂಪೌಂಡ್. ಡ್ರೋನ್ ಶಾಟ್ ಯಾಕಿಲ್ಲ ಅಂತ ಕೇಳಬ್ಯಾಡ್ರಿ ಮತ್ತ, ಏರ್‌ಪೋರ್ಟ್ ಬಾಜೂಕ ಡ್ರೋನ್ ಹಾರಸಂಗಿಲ್ಲ, ಅದರಾಗ ಇಲ್ಲಿ ಏರ್ ಫೋರ್ಸ್‌ನೂ ಐತಿ, ಏರ್‌ಮೆನ್ ಟ್ರೇನಿಂಗ್ ಸ್ಕೂಲ್. ಈಗ ಅಗ್ನಿವೀರವಾಯು, ಅಂದ್ರ ಅಗ್ನಿಪಥ್ ಸ್ಕೀಮ್‌ನಾಗ ಏರ್ ಫೋರ್ಸ್ ಸೇರಿದ ಹುಡುಗ್ರು ಹುಡುಗ್ಯಾರು ಇಲ್ಲೇ ತಯಾರ ಆಗ್ತಾರ. ಪಾಸಿಂಗ್ ಔಟ್ ಪರೇಡ್ ಇದ್ದಾಗ ಉತ್ತರದ ಕಡಿಂದ ಅವ್ವ-ಅಪ್ಪ ಎಲ್ಲಾ ಬರ್ತಾರ, ಸಾಂಬ್ರಾದಾಗ ಕನ್ನಡಾ ಮರಾಠಿ ಜೋಡಿ ಹಿಂದೀನೂ ಜೋರ್ ನಡೀತೇತಿ ಅವತ್ತು.

ಈ ಏರ್‌ಪೋರ್ಟ್ ಹೊಸಾದು ಅಂದ್ಕೊಂಡೀರೇನು? 1942ರಾಗ ಬ್ರಿಟಿಷರ ರಾಯಲ್ ಏರ್ ಫೋರ್ಸ್ ಕಟ್ಟಿದ್ದು, ಎರಡನೇ ಮಹಾಯುದ್ಧದಾಗ ಬರ್ಮಾ ಕಡಿ ಲಡಾಯಿಗೆ ಅಂತ. ನಮ್ಮ ಅಜ್ಜ ಅಂತಿದ್ರು, ನಮ್ಮೂರಿಗೆ ಕರೆಂಟ್ ಬರೂಕಿಂತ ಮೊದಲ ವಿಮಾನ ಬಂದಾವು ಅಂತ. ಆಮ್ಯಾಲ 1961ರಾಗ ಗೋವಾ ವಿಮೋಚನಾ ಆತಲ್ಲ, ಆವಾಗನೂ ಏರ್ ಫೋರ್ಸ್ ವಿಮಾನ ಇಲ್ಲಿಂದನ ಎದ್ದಿದ್ವು. ಬಾಜೂಕಿನ ಹೊಲದವ್ರು ಮಾತ್ರ ಸಪ್ಪಳಾ ಕೇಳಿದ್ದ ಬಂತು, ಹತ್ತಿದ್ದು ಇಲ್ಲ.

ನಮ್ಮ ದೋಸ್ತ್ ಒಬ್ಬಾಂವ ಹತ್ತರಗಿ ಎಸ್‌ಇಝಡ್‌ನಾಗ, ಅಂದ್ರ ವಿಶೇಷ ಆರ್ಥಿಕ ವಲಯದಾಗ, ಮಷೀನ್ ಆಪರೇಟರ್ ಅದಾನ, ಅಲ್ಲಿ ಏರ್‌ಬಸ್ ಬೋಯಿಂಗ್ ವಿಮಾನದ ಪಾರ್ಟ್ ಮಾಡ್ತಾರ. "ಲೇ ನಾ ಮಾಡಿದ ಪಾರ್ಟ್ ಜಗತ್ತೆಲ್ಲಾ ಹಾರ್‍ಯಾಡತೇತಿ, ನಾ ಮಾತ್ರ ಇನ್ನೂ ಹತ್ತರಗಿ ಕ್ರಾಸಿಗೆ ಬಸ್ ಕಾಯ್ಕೋತ ನಿಂತೀನಿ" ಅಂತಾನ.

ಹೊಸಾ ಟರ್ಮಿನಲ್ ಸೆಪ್ಟೆಂಬರ್ 2017ಕ್ಕ ಓಪನ್ ಆತು, ರನ್‌ವೇ 2300 ಮೀಟರ್ ಆತು, ಎಲ್ಲಾರೂ ಖುಷ್. ವರ್ಷ ತುಂಬೂದರಾಗ, 2018ರ ಮೇದಾಗ, ಇದ್ದ ಫ್ಲೈಟ್ ಎಲ್ಲಾ ಹುಬ್ಬಳ್ಳಿಗೆ ಹೋದ್ವು! ಯಾಕಂದ್ರ ಉಡಾನ್ ಸ್ಕೀಮ್‌ನಾಗ ಅವರ ಹೆಸರು ಮೊದಲ ಬಂದಿತ್ತು. ಉಡಾನ್ ಅಂದ್ರ ಏನಪಾ, ವಿಮಾನ ಕಂಪನಿಯವ್ರು ಅರ್ಧಾ ಸೀಟ್ ಕಡಿಮಿ ರೇಟಿಗೆ ಕೊಡಬೇಕು, ಆಗೂ ಲುಕ್ಸಾನ ಸರ್ಕಾರ ತುಂಬಿ ಕೊಡತೇತಿ, ಆದ್ರ ಮೂರ ವರ್ಷ ಅಷ್ಟ. ಬೆಳಗಾವಿಗೂ 2019ರಾಗ ಉಡಾನ್ ಸಿಕ್ತು, ಊರೂರಿಗೆ ಫ್ಲೈಟ್ ಶುರು ಆದ್ವು, ಮೂರ ವರ್ಷ ಮುಗದ ಮ್ಯಾಲ ಒಂದೊಂದ ರೂಟ್ ಬಂದ್ ಆಗಾಕತ್ವು. ನಮ್ಮ ಮಂದಿ ಫ್ಲೈಟ್ ಹೋತು ಫ್ಲೈಟ್ ಹೋತು ಅಂತ ಬೈತಾರ, ಸೀಟ್ ತುಂಬದ ಯಾವಾಂವ ಹಾರಸ್ತಾನ ಹೇಳ್ರಿ. ಡಿಸೆಂಬರದಾಗ ಸುವರ್ಣ ಸೌಧದಾಗ ಅಧಿವೇಶನ ಇದ್ದಾಗ ಮಾತ್ರ ತುಂಬತಾವು ಬಿಡ್ರಿ.

ಅಧಿವೇಶನ ಅಂದ ಕೂಡ್ಲೆ ನೆನಪಾತು, 2023ರಾಗ ಅಲ್ಲೇ ಠರಾವ್ ಮಾಡಿದ್ರು, ಬೆಳಗಾವಿ ಏರ್‌ಪೋರ್ಟ್‌ಗೆ ಕಿತ್ತೂರು ರಾಣಿ ಚೆನ್ನಮ್ಮ, ಹುಬ್ಬಳ್ಳಿಗೆ ಸಂಗೊಳ್ಳಿ ರಾಯಣ್ಣ ಅಂತ ಹೆಸರು ಇಡಬೇಕು ಅಂತ. ಚಲೋನ ಆತು, ಆದ್ರ ಸಂಗೊಳ್ಳಿ ನಮ್ಮ ಬೈಲಹೊಂಗಲ ತಾಲೂಕ ಐತ್ರಿ, ರಾಯಣ್ಣನ್ನೂ ಹುಬ್ಬಳ್ಳಿಯವ್ರು ಒಯ್ದ್ರು.

ಮಾಮಾ ಒಳಗ ಹೋದ್ರು. ಗಾಜಿನಿಂದ ಕಾಣಾಕತ್ತೇತಿ, ಟೇಪ್ ಹಚ್ಚಿದ್ದ ಕುಂದಾ ಡಬ್ಬಿ ಹಿಡ್ಕೊಂಡು ಕೂಸಿನ ಹಂಗ ಎದಿಗೆ ಅವಚ್ಕೊಂಡಾರ. ಆಮ್ಯಾಲ ಫೋನ್ ಮಾಡಿದ್ರು, ಸೆಕ್ಯುರಿಟಿಯಾಂವ ಎಕ್ಸ್‌ರೇದಾಗ ನೋಡಿ "ಇದೇನು" ಅಂದ್ನಂತ, ಇವ್ರು "ಕುಂದಾ" ಅಂದ್ರಂತ, ಅಂವ ನಕ್ಕ "ಹೋಗ್ರಿ" ಅಂದ್ನಂತ.

ಸಂಜಿಕ ಮತ್ತ ಬಂದೀನಿ ನೋಡ್ರಿ ಕರಕೊಂಡ ಹೋಗಾಕ. ಮಳಿಗಾಲದಾಗ ಗಾಳಿ ಪಡುವಣದಿಂದ ಬೀಸತೇತಿ, ವಿಮಾನ ಗಾಳಿಗೆ ಎದುರಾಗಿ ಇಳೀಬೇಕು, ಹಂಗಾಗಿ ಮೂಡಣಕ್ಕಿರೂ ಬಾಳೇಕುಂದ್ರಿ ಕಡಿಂದ ಬರ್ತಾವು, ಆ ತುದಿಗೆ ರನ್‌ವೇ ಮ್ಯಾಲ 26 ಅಂತ ಬರದಿರ್ತಾರ, ಅಂದ್ರ ಕಂಪಾಸ್‌ನಾಗ ಸುಮಾರು 260 ಡಿಗ್ರಿ. ನಾನೂ ಅಕ್ಕಡೀನ ಕ್ಯಾಮೆರಾ ಇಟ್ಟು ಅರ್ಧಾ ತಾಸು ಆತು. ಸಪ್ಪಳಾ ಕೇಳತೇತಿ, ಎರಡ ಸುತ್ತೂ ಹೊಡೀತು, ಮೋಡಾ ಎಷ್ಟ ಕೆಳಗ ಇಳದಾವಂದ್ರ ವಿಮಾನ ಕಾಣವಲ್ದು. ಆಮ್ಯಾಲ ಸಪ್ಪಳಾನೂ ಹೋತು.

ಮುಕ್ಕಾಲ ತಾಸಿನ ಮ್ಯಾಲ ಮಾಮಾನ ಫೋನ್. "ಎಲ್ಲದೀರಿ ಮಾಮಾ?" ಅಂದೆ.

"ಹುಬ್ಬಳ್ಯಾಗ ಇಳಸ್ಯಾರೋ ತಮ್ಮಾ. ಆರ್ಡರ್ ಸಿಕ್ಕೇತಿ, ಗಾಡಿ ತಗೊಂಡ ಬಾ, ನಾ ಅಲ್ಲೀ ಮಟಾ ಗಿರ್ಮಿಟ್ ತಿನ್ಕೋತ ನಿಂತಿರ್ತೀನಿ."

ಈಗ ಕಿತ್ತೂರು ದಾಟೇವಿ, ಮಳಿ ಇನ್ನೂ ಹೊಡ್ಯಾಕತ್ತೇತಿ. ಅಕ್ಕ ಎರಡ ಸಲ ಫೋನ್ ಮಾಡಿ ಊಟಕ್ಕ ಎಷ್ಟೊತ್ತಿಗೆ ಬರ್ತೀರಿ ಅಂತ ಕೇಳ್ಯಾಳ.