ಮಳೆನಾಡಿನ ಪ್ಲಾಸ್ಟಿಕ್ ಲೆಕ್ಕ

(ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯೊಂದರ ಸಹಕಾರ ಸಂಘದ ಸಭಾಭವನದಲ್ಲಿ ನೀಡಿದ ಉಪನ್ಯಾಸದ ಬರಹರೂಪ)

ವೇದಿಕೆಯ ಮೇಲಿರುವ ಹಿರಿಯರೇ, ಸ್ವಸಹಾಯ ಸಂಘದ ಅಕ್ಕತಂಗಿಯರೇ, ಹಿಂದಿನ ಸಾಲಿನಲ್ಲಿ ಕೂತು ಮೊಬೈಲ್ ನೋಡುತ್ತಿರುವ ಕಾಲೇಜು ಹುಡುಗರೇ, ಎಲ್ಲರಿಗೂ ನಮಸ್ಕಾರ.

ಪ್ಲಾಸ್ಟಿಕ್ ಬಗ್ಗೆ ಮಾತಾಡಬೇಕು ಎಂದು ಸಂಘದವರು ಕರೆದಾಗಲೇ ಒಂದು ವಿಷಯ ಹೇಳಿದ್ದೆ. ಪ್ಲಾಸ್ಟಿಕ್ಕನ್ನೆಲ್ಲ ಬಿಟ್ಟುಬಿಡಿ ಎಂದು ಘೋಷಣೆ ಕೂಗಿ ಹೋಗುವ ಭಾಷಣ ನನ್ನಿಂದ ಆಗುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ. ಅಂಥ ತಾಲ್ಲೂಕಿನಲ್ಲಿ ನಿಂತು ಹಾಗೆ ಹೇಳುವವರು ಇಲ್ಲೊಂದು ಮಳೆಗಾಲ ಕಳೆದಿರಲಿಕ್ಕಿಲ್ಲ. ಟಾರ್ಪಾಲಿಲ್ಲದೆ ಕಟ್ಟಿಗೆ ಉಳಿಯುವುದಿಲ್ಲ. ಪ್ಲಾಸ್ಟಿಕ್ ಕೊಪ್ಪೆ ಇಲ್ಲದೆ ಈಗ ಗದ್ದೆ ನೆಟ್ಟಿಗೆ ಯಾರೂ ಬರುವುದಿಲ್ಲ. ಮೊದಲು ಗೊರಬು ಇತ್ತು, ಕಂಬಳಿ ಕೊಪ್ಪೆ ಇತ್ತು ಎಂದು ನಾವು ಹಳಹಳಿಸುತ್ತೇವೆ. ನೆಂದ ಕಂಬಳಿ ಎಷ್ಟು ಭಾರ ಎನ್ನುವುದು ಅದನ್ನು ಹೊತ್ತುಕೊಂಡು ದಿನವಿಡೀ ಬಗ್ಗಿ ನೆಟ್ಟಿ ಮಾಡಿದ ಹೆಂಗಸರಿಗೆ ಗೊತ್ತು. ಪ್ಲಾಸ್ಟಿಕ್ ಬಂದದ್ದು ಅವರಿಗೆ ಉಪಕಾರವೇ ಆಯಿತು.

ಅಡಿಕೆ ಕೊನೆಗೆ, ಅಂದರೆ ಗೊನೆಗೆ, ಮಳೆ ತಾಗದಂತೆ ಕಟ್ಟುವ ಕೊಟ್ಟೆಯನ್ನೇ ತೆಗೆದುಕೊಳ್ಳಿ. ಮಳೆಗೆ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆ ರೋಗ ನಮಗೆ ಹೊಸದಲ್ಲ. ಮೈಸೂರು ಸರ್ಕಾರದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲೇ ಅದರ ಮೇಲೆ ವರದಿ ಬರೆದರು. ಮೈಲುತುತ್ತ, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ನಮ್ಮ ತೋಟಗಳಲ್ಲಿ ಬೇರೂರಿದ್ದು ಅಲ್ಲಿಂದ ಈಚೆಗೆ. ಅದಕ್ಕೂ ಮೊದಲಿನಿಂದ ಇದ್ದ ಉಪಾಯ ಕೊಟ್ಟೆ. ಹುಲ್ಲಿನದೋ ಅಡಿಕೆ ಹಾಳೆಯದೋ ಕೊಟ್ಟೆ ಮಾಡಿ, ಮರ ಹತ್ತಿ, ಕೊನೆಯ ಮೇಲೆ ನೀರು ನಿಲ್ಲದಂತೆ ಕಟ್ಟುತ್ತಿದ್ದರು. ಅದನ್ನು ಹೆಣೆಯುವ ಕೈಗಳು ಕಡಿಮೆಯಾದವು, ಪ್ಲಾಸ್ಟಿಕ್ ಕೊಟ್ಟೆ ಬಂತು. ಅದು ಹಗುರ, ಅಗ್ಗ, ಬೆಳಕೂ ಹಾಯುತ್ತದೆ. ಕೊಟ್ಟೆ ಕಟ್ಟಿದ ಕೊನೆಗೆ ಔಷಧಿ ಹೊಡೆಯುವ ಕೆಲಸವೂ ಅಷ್ಟು ಕಡಿಮೆ. ಇದನ್ನು ಬಿಡಿ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಆದರೆ ಮಳೆ ಬಿಟ್ಟ ಮೇಲೆ ಬಿಚ್ಚಿದ ಕೊಟ್ಟೆ ಎಲ್ಲಿ ಹೋಗುತ್ತದೆ? ಬಿಚ್ಚಿದವರು ಮೇಲಿನಿಂದಲೇ ಎಸೆಯುತ್ತಾರೆ, ಅದು ಮರದ ಬುಡದಲ್ಲೋ ನೀರು ಬಸಿಯುವ ಕಪ್ಪಿನಲ್ಲೋ ಬೀಳುತ್ತದೆ, ಮೇಲೆ ಸೋಗೆ ಬಿದ್ದು ಮುಚ್ಚಿಹೋಗುತ್ತದೆ. ಬಿಸಿಲಿಗೆ ಸಿಕ್ಕ ಪ್ಲಾಸ್ಟಿಕ್ ಪುಡಿಯಾಗುತ್ತದೆಯೇ ಹೊರತು ಕೊಳೆಯುವುದಿಲ್ಲ. ಐದು ಮಿಲಿಮೀಟರ್‌ಗಿಂತ ಸಣ್ಣ ಚೂರನ್ನು ವಿಜ್ಞಾನಿಗಳು ಮೈಕ್ರೋಪ್ಲಾಸ್ಟಿಕ್ ಅನ್ನುತ್ತಾರೆ. ಅಷ್ಟಾದ ಮೇಲೆ ಅದನ್ನು ಹೆಕ್ಕಲು ಯಾರಿಂದಲೂ ಆಗದು. ಅದೇ ಕೊಟ್ಟೆಯನ್ನು ಕೆಳಗೆ ಒಂದು ಗೋಣಿಚೀಲಕ್ಕೆ ತುಂಬಿಸಿ, ಒಣಗಿಸಿ ಇಟ್ಟರೆ ಚೆನ್ನಾಗಿರುವುದು ಮುಂದಿನ ಮಳೆಗೂ ಬರುತ್ತದೆ, ಹರಿದದ್ದು ಗುಜರಿಗೆ ಹೋಗುತ್ತದೆ. ಮರ ಹತ್ತುವ ಕೊನೆಗಾರನಿಗೆ ಕೊಡುವ ಕೂಲಿಯಲ್ಲಿ ಕೊಟ್ಟೆ ಹೆಕ್ಕುವ ಕೂಲಿಯನ್ನೂ ಸೇರಿಸಿ ಮಾತಾಡಿ. ಪುಕ್ಕಟೆ ಹೆಕ್ಕು ಅಂದರೆ ಯಾರು ಹೆಕ್ಕುತ್ತಾರೆ?

ನನ್ನ ಲೆಕ್ಕ ಇಷ್ಟೇ. ಒಂದು ಪ್ಲಾಸ್ಟಿಕ್ ವಸ್ತು ನಮ್ಮ ಕೈಯಲ್ಲಿ ಎಷ್ಟು ಹೊತ್ತು ಕೆಲಸ ಮಾಡುತ್ತದೆ ಎಂದು ಮೊದಲು ಕೇಳಿಕೊಳ್ಳಬೇಕು. ಸ್ಪ್ರಿಂಕ್ಲರ್ ಪೈಪು ವರ್ಷಗಟ್ಟಲೆ, ಟಾರ್ಪಾಲು ನಾಲ್ಕಾರು ಮಳೆಗಾಲ, ಕೊಟ್ಟೆ ಕೆಲವು ತಿಂಗಳು ದುಡಿಯುತ್ತವೆ. ಮೀನು ಕಟ್ಟಿಕೊಟ್ಟ ಕವರ್ ಪೇಟೆಯಿಂದ ಮನೆಯವರೆಗೆ. ಮದುವೆ ಮನೆಯ ಕಾಫಿ ಲೋಟ ಐದು ನಿಮಿಷ. ಹೊಡೆತ ಬೀಳಬೇಕಾದ್ದು ಈ ಕೊನೆಯ ಎರಡಕ್ಕೆ.

ಕಾನೂನು ಇಲ್ಲವೆಂದಲ್ಲ. ಕರ್ನಾಟಕದಲ್ಲಿ 2016ರ ಮಾರ್ಚ್‌ನಿಂದಲೇ ಕೈಚೀಲ, ತಟ್ಟೆ, ಲೋಟ, ಚಮಚ, ಫ್ಲೆಕ್ಸ್ ಎಲ್ಲಕ್ಕೂ ನಿಷೇಧವಿದೆ, ಎಷ್ಟೇ ದಪ್ಪ ಇರಲಿ. ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಹಲವು ವಸ್ತುಗಳನ್ನು ದೇಶಕ್ಕೆಲ್ಲ ನಿಷೇಧಿಸಿತು. ಸ್ಟ್ರಾ, ಸ್ವೀಟ್ ಬಾಕ್ಸಿನ ಮೇಲಿನ ತೆಳು ಹಾಳೆ, ಅಲಂಕಾರದ ಥರ್ಮೋಕೋಲ್ ಎಲ್ಲ ಆ ಪಟ್ಟಿಯಲ್ಲಿವೆ. ಕೈಚೀಲ 120 ಮೈಕ್ರಾನ್‌ಗಿಂತ ತೆಳು ಇರಬಾರದು ಎನ್ನುವುದೂ ಕೇಂದ್ರದ ನಿಯಮವೇ. ಅದನ್ನು ಹಿಡಿದುಕೊಂಡು ಅಂಗಡಿಯವರು 'ಇದು ದಪ್ಪದ್ದು, ನಡೆಯುತ್ತೆ' ಅನ್ನುತ್ತಾರೆ. ನಮ್ಮ ರಾಜ್ಯದ ಆದೇಶದಲ್ಲಿ ದಪ್ಪದ ಮಾತೇ ಇಲ್ಲ. ಇನ್ನು ಬಟ್ಟೆಯಂತೆ ಕಾಣುವ ಬಣ್ಣಬಣ್ಣದ ಚೀಲ ಇದೆಯಲ್ಲ, ಅದೂ ಪಾಲಿಪ್ರೊಪಿಲೀನ್ ಅನ್ನುವ ಪ್ಲಾಸ್ಟಿಕ್ಕೇ. ನಾಲ್ಕು ಸಲ ತೊಳೆದರೆ ಎಳೆ ಎಳೆಯಾಗಿ ಉದುರುತ್ತದೆ.

ಕಾಗದದ ಲೋಟದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಅಲ್ಲಿ ನಾವು ಒಳ್ಳೆಯದು ಮಾಡುತ್ತಿದ್ದೇವೆ ಅಂದುಕೊಂಡೇ ಮೋಸ ಹೋಗುತ್ತಿದ್ದೇವೆ. ಬರೀ ಕಾಗದದಲ್ಲಿ ಬಿಸಿ ಕಾಫಿ ನಿಲ್ಲುವುದಿಲ್ಲ. ಸೋರದಿರಲೆಂದು ಒಳಗೆ ತೆಳುವಾದ ಪ್ಲಾಸ್ಟಿಕ್ ಪದರ ಅಂಟಿಸಿರುತ್ತಾರೆ. 2020ರಲ್ಲಿ ಐಐಟಿ ಖರಗ್‌ಪುರದವರು ಪರೀಕ್ಷೆ ಮಾಡಿದಾಗ, ಬಿಸಿ ದ್ರವವನ್ನು ಹದಿನೈದು ನಿಮಿಷ ಆ ಲೋಟದಲ್ಲಿಟ್ಟರೆ 100 ಮಿಲಿಲೀಟರಿನಲ್ಲಿ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಸೇರುತ್ತವೆ ಎಂದು ಕಂಡುಬಂತು. ಕಾಗದ, ಪ್ಲಾಸ್ಟಿಕ್ ಎರಡೂ ಅಂಟಿಕೊಂಡಿರುವುದರಿಂದ ಗುಜರಿಯವರೂ ಅದನ್ನು ಮುಟ್ಟುವುದಿಲ್ಲ.

ಊಟದ ಮಾತು ಇನ್ನೂ ಬೇಸರದ್ದು. ಹಿತ್ತಲಲ್ಲಿ ಬಾಳೆ ಇರುವ ಊರಿನ ಸಮಾರಂಭದಲ್ಲಿ ಬಾಳೆ ಎಲೆಯ ಚಿತ್ರ ಅಚ್ಚು ಹಾಕಿದ ಪ್ಲಾಸ್ಟಿಕ್ ಪದರದ ಎಲೆ ಬಡಿಸುತ್ತಿದ್ದಾರೆ. ಎಲೆ ಕೊಯ್ದು, ಒರೆಸಿ, ಸುತ್ತಿಡುವ ಜನ ಸಿಗುವುದಿಲ್ಲ ಎನ್ನುವುದು ನಿಜವೇ. ಆದರೆ ಅಡಿಕೆ ಹಾಳೆಯನ್ನು ನೆನೆಸಿ, ಬಿಸಿ ಅಚ್ಚಿನಲ್ಲಿ ಒತ್ತಿ ತಟ್ಟೆ ಮಾಡುವ ಘಟಕಗಳು ನಮ್ಮ ಸುತ್ತಮುತ್ತಲೇ ಇವೆ. ಹೊರದೇಶಕ್ಕೂ ಹೋಗುತ್ತಿದ್ದ ಮಾಲು ಅದು. 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಅಡಿಕೆಯ ಅಂಶ ಊಟಕ್ಕೆ ಇಳಿಯಬಹುದೆಂದು ಹಾಳೆ ತಟ್ಟೆಗೆ ತಕರಾರು ತೆಗೆಯಿತು. ಆ ಜಗಳ ಮುಗಿಯುವ ತನಕ ಬಾಳೆ ಎಲೆ, ಸ್ಟೀಲ್ ತಟ್ಟೆಗೆ ಯಾರ ತಕರಾರೂ ಇಲ್ಲ. ನೀರಿಗೆ ಸ್ಟೀಲ್ ಲೋಟ. ಒಂದು ಗುಟುಕು ಕುಡಿದು ಬಿಟ್ಟುಹೋಗುವ ಪುಟ್ಟ ಬಾಟಲಿಗಳು ಪಂಕ್ತಿ ಎದ್ದ ಮೇಲೆ ಹೇಗೆ ಬಿದ್ದಿರುತ್ತವೆ ಎನ್ನುವುದನ್ನು ಗುಡಿಸುವವರ ಹತ್ತಿರ ಕೇಳಿ.

ಈಗ ಮುಖ್ಯ ವಿಷಯ, ಬಚ್ಚಲ ಒಲೆ. ನಮ್ಮ ಮನೆಗಳ ಪ್ಲಾಸ್ಟಿಕ್ ಕಸದಲ್ಲಿ ದೊಡ್ಡ ಪಾಲು ಹಂಡೆಯ ಅಡಿಯಲ್ಲೇ ಮುಗಿಯುತ್ತದೆ ಎನ್ನುವುದು ನನ್ನ ಅನುಮಾನ. ಬೆಳಗಿನ ಜಾವ ಜಡಿಮಳೆ, ಕಟ್ಟಿಗೆ ಹಸಿ, ಎಷ್ಟು ಊದಿದರೂ ಹತ್ತುವುದಿಲ್ಲ. ಕೈಗೆ ಸಿಕ್ಕ ಎಣ್ಣೆ ಕವರ್ ತುರುಕಿದರೆ ಭಗ್ ಅಂತ ಹತ್ತುತ್ತದೆ. ಹತ್ತಲೇಬೇಕು, ಅದು ಕಚ್ಚಾ ಎಣ್ಣೆಯ ಕೂಸು. ಸ್ನಾನದ ನೀರೂ ಕಾಯಿತು, ಕಸವೂ ಹೋಯಿತು ಎಂದು ಸಮಾಧಾನ. ಕಸ ಎಲ್ಲಿಗೂ ಹೋಗಿರುವುದಿಲ್ಲ. ತ್ಯಾಜ್ಯ ಸುಡಲೆಂದೇ ಕಟ್ಟಿದ ಕುಲುಮೆಗಳಲ್ಲಿ ಹೊಗೆಯನ್ನು 850 ಡಿಗ್ರಿಗೂ ಮೀರಿದ ಶಾಖದಲ್ಲಿ ಹಿಡಿದಿಟ್ಟು, ಆಮೇಲೆ ಸೋಸಿ ಬಿಡುತ್ತಾರೆ. ನಮ್ಮ ಬಚ್ಚಲ ಒಲೆಯಲ್ಲಿ ಹಸಿ ಕಟ್ಟಿಗೆಯ ಜೊತೆ ಅದು ಅರೆಬೆಂದು ಮಸಿಯಾಗಿ, ಹೊಗೆಯಾಗಿ ಏಳುತ್ತದೆ. ಪೈಪಿನ ತುಂಡು, ವೈರಿನ ಸಿಪ್ಪೆ, ಹಳೇ ಫ್ಲೆಕ್ಸ್, ಇವು ಪಿವಿಸಿ, ಅಂದರೆ ಕ್ಲೋರಿನ್ ಇರುವ ಪ್ಲಾಸ್ಟಿಕ್. ಇವು ಸುಟ್ಟಾಗ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಡಯಾಕ್ಸಿನ್ ನೀರಿನಲ್ಲಿ ಕರಗದು, ಕೊಬ್ಬಿನಲ್ಲಿ ಕೂರುತ್ತದೆ. ಹೊಗೆಯ ಮಸಿ ಹುಲ್ಲಿನ ಮೇಲೆ ಇಳಿಯುತ್ತದೆ, ಹುಲ್ಲನ್ನು ದನ ತಿನ್ನುತ್ತದೆ, ಹಾಲಿನ ಕೆನೆಯಲ್ಲಿ ಅದು ನಮ್ಮ ಮನೆಗೇ ವಾಪಸ್. ಒಲೆಯ ಬೂದಿಯನ್ನು ತರಕಾರಿ ಓಳಿಗೆ ಹಾಕುವ ಅಭ್ಯಾಸ ಬೇರೆ. ಕಟ್ಟಿಗೆ ಬೂದಿ ಗೊಬ್ಬರ ಹೌದು, ಪ್ಲಾಸ್ಟಿಕ್ ಬೆರೆತ ಬೂದಿ ಅಲ್ಲ.

ಒಲೆ ಹಚ್ಚಲು ಬೇರೆ ಏನಿದೆ ಅಂದರೆ, ಈಗ, ಮಳೆ ಹಿಡಿಯುವ ಮೊದಲೇ, ಅಡಿಕೆ ಸಿಪ್ಪೆ, ಒಣ ಸೋಗೆ, ತೆಂಗಿನ ಗರಟ ಇಷ್ಟನ್ನು ಒಲೆಯ ಪಕ್ಕದ ಅಟ್ಟದಲ್ಲಿ ಸೇರಿಸಿಡಿ. ಇದು ಮುಖ್ಯವಾಗಿ ಗಂಡಸರಿಗೆ ಹೇಳುವ ಮಾತು. ಬೇಸಿಗೆಯಲ್ಲಿ ಒಣ ಸೌದೆ ಕೂಡಿಡದೆ ಮಳೆಗಾಲದಲ್ಲಿ 'ಪ್ಲಾಸ್ಟಿಕ್ ಯಾಕೆ ಹಾಕ್ತೀಯ' ಎಂದು ಹೆಂಡತಿಯನ್ನು ಕೇಳುವ ಅಧಿಕಾರ ನಮಗಿಲ್ಲ.

ದನದ ಮಾತು ಬಂತಲ್ಲ. ದನಕ್ಕೆ ಮೇಲ್ದವಡೆಯ ಮುಂದೆ ಹಲ್ಲಿಲ್ಲ. ನಾಲಿಗೆಯಲ್ಲಿ ಸುತ್ತಿ ಎಳೆದು ನುಂಗುತ್ತದೆ, ಆರಿಸಿ ಬಿಡುವುದು ಅದಕ್ಕೆ ಕಷ್ಟ. ಅನ್ನ ಉಳಿದ ಕವರಿಗೆ ಗಂಟು ಹಾಕಿ ಎಸೆದರೆ ಅನ್ನದ ವಾಸನೆಗೆ ಕವರನ್ನೂ ನುಂಗುತ್ತದೆ. ಅದು ಮುಂದೆ ಹೋಗದೆ ಹೊಟ್ಟೆಯ ಮೊದಲ ಕೋಣೆಯಲ್ಲೇ ಹಗ್ಗದಂತೆ ಹೊಸೆದುಕೊಂಡು ಗಟ್ಟಿಯಾಗುತ್ತದೆ. ದನ ಮೆಲುಕು ಬಿಡುತ್ತದೆ, ಹೊಟ್ಟೆ ಉಬ್ಬರಿಸುತ್ತದೆ. ಆಮೇಲೆ ಪಶುವೈದ್ಯರು ಹೊಟ್ಟೆ ಕೊಯ್ದೇ ತೆಗೆಯಬೇಕು. ಇನ್ನು ಒಣ ಎಲೆಯ ದರಗಿನ ಜೊತೆ ಕೊಟ್ಟಿಗೆಗೆ ಬಂದ ಚಿಪ್ಸ್ ಪ್ಯಾಕೆಟ್ ಗೊಬ್ಬರಗುಂಡಿ ದಾಟಿ ಅಡಿಕೆ ಬುಡಕ್ಕೆ ಸೇರುವುದನ್ನು ಗೊಬ್ಬರ ಹಾಕಿದವರೆಲ್ಲ ನೋಡಿದ್ದೀರಿ.

ಹಳ್ಳಕ್ಕೆ ಎಸೆದರೆ ಮಳೆ ಕೊಚ್ಚಿಕೊಂಡು ಹೋಗುತ್ತದೆ ಅನ್ನುವವರಿಗೆ ನಮ್ಮ ತಾಲ್ಲೂಕಿನ ಭೂಗೋಳ ನೆನಪಿಸಬೇಕು. ಪೇಟೆಯ ಪಕ್ಕದ ತುಂಗೆ ಪೂರ್ವಕ್ಕೆ ಹರಿಯುತ್ತಾಳೆ. ಮಂಡಗದ್ದೆಯಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟುವ ನಡುಗಡ್ಡೆ ದಾಟಿ, ಗಾಜನೂರಿನಲ್ಲಿ ನಿಂತು, ಶಿವಮೊಗ್ಗದ ನಲ್ಲಿಗಳಿಗೆ ನೀರು ಕೊಟ್ಟು, ಕೂಡ್ಲಿಯಲ್ಲಿ ಭದ್ರೆಯನ್ನು ಸೇರಿ, ಹೊಸಪೇಟೆ ದಾಟಿ ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ಇದೇ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಪಶ್ಚಿಮಕ್ಕೆ ತಿರುಗಿ, ಜೋಗದಲ್ಲಿ ಧುಮುಕಿ ಹೊನ್ನಾವರದಲ್ಲಿ ಅರಬ್ಬೀ ಸಮುದ್ರ ಸೇರುತ್ತಾಳೆ. ಎರಡು ಸಮುದ್ರಕ್ಕೂ ಕಸ ಕಳಿಸುವ ಅನುಕೂಲ ಇರುವ ತಾಲ್ಲೂಕು ನಮ್ಮದು. ಎಳ್ಳಮಾವಾಸ್ಯೆ ಜಾತ್ರೆಯ ಮರುದಿನ ಹೊಳೆಯ ಬಂಡೆಗಳ ಮೇಲೆ ಏನೇನು ಬಿದ್ದಿರುತ್ತದೆ ಎಂದು ನಾನು ವರ್ಣಿಸಬೇಕಿಲ್ಲ.

ಹಾಗಾದರೆ ಮರುಬಳಕೆಗೆ ಕೊಟ್ಟರೆ ಆಯಿತಲ್ಲ ಅನ್ನಬಹುದು. 2017ರಲ್ಲಿ ಮೂವರು ವಿಜ್ಞಾನಿಗಳು ಜಗತ್ತಿನ ಲೆಕ್ಕ ತೆಗೆದರು. 2015ರವರೆಗೆ ತಯಾರಾದದ್ದು 830 ಕೋಟಿ ಟನ್, ಅದರಲ್ಲಿ ಕಸವಾದದ್ದು 630 ಕೋಟಿ ಟನ್, ಆ ಕಸದಲ್ಲಿ ಮರುಬಳಕೆಯಾದದ್ದು ಶೇಕಡಾ 9ರಷ್ಟು. ಆದ್ದರಿಂದ ಮನೆಗೆ ತರದಿರುವುದೇ ಮೊದಲ ಕೆಲಸ. ಬಂದದ್ದಕ್ಕೆ ಮಾತ್ರ ಮರುಬಳಕೆ. ಅದಕ್ಕೂ ನಮ್ಮಲ್ಲಿ ಒಂದು ತೊಡಕಿದೆ. ನೆಂದ, ಕೆಸರು ಮೆತ್ತಿದ, ಸಾರು ಅಂಟಿದ ಪ್ಲಾಸ್ಟಿಕ್ಕಿಗೆ ಬೆಲೆ ಇಲ್ಲ. ಹಾಲಿನ ಪ್ಯಾಕೆಟ್ ಒಳ್ಳೆಯ ಪಾಲಿಥಿನ್, ಗುಜರಿಯಲ್ಲಿ ನಡೆಯುತ್ತದೆ. ಆದರೆ ತೊಳೆಯದೆ ಇಟ್ಟರೆ ಎರಡೇ ದಿನಕ್ಕೆ ನಾರುತ್ತದೆ. ಒಂದು ಲೋಟ ನೀರು ಹಾಕಿ ಕುಲುಕಿ, ಆ ನೀರನ್ನು ಗಿಡಕ್ಕೆ ಚೆಲ್ಲಿ, ಪ್ಯಾಕೆಟ್ಟನ್ನು ಒಲೆಯ ಮೇಲಿನ ಹಗ್ಗಕ್ಕೆ ಸಿಕ್ಕಿಸಿ. ಮಳೆಗಾಲದಲ್ಲಿ ಮನೆಯೊಳಗೆ ಒಣಗುವ ಜಾಗ ಅದೊಂದೇ. ಕತ್ತರಿಸುವಾಗ ಮೂಲೆಯನ್ನು ಪೂರ್ತಿ ತುಂಡು ಮಾಡಬೇಡಿ, ಸ್ವಲ್ಪ ಅಂಟಿಕೊಂಡಿರಲಿ. ಆ ಚೂರು ಬಚ್ಚಲ ಕಂಡಿಗೆ ಸೇರಿದರೆ ಯಾರ ಕೈಗೂ ಸಿಗುವುದಿಲ್ಲ.

ಚಿಪ್ಸ್ ಪ್ಯಾಕೆಟ್, ಶಾಂಪೂ ಸ್ಯಾಶೆ, ಒಳಗೆ ಬೆಳ್ಳಿಯಂತೆ ಹೊಳೆಯುವ ಎಲ್ಲವೂ ಹಲವು ಪದರದವು. ಬಿಡಿಸಲು ತಗಲುವ ಖರ್ಚು ಮಾಲಿಗಿಂತ ಹೆಚ್ಚು. ಹೆಚ್ಚೆಂದರೆ ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಉರುವಲಾಗಿ ಹೋಗುತ್ತವೆ. ಗುಟ್ಕಾ, ಪಾನ್ ಮಸಾಲವನ್ನು ಪ್ಲಾಸ್ಟಿಕ್ ಸ್ಯಾಶೆಯಲ್ಲಿ ಮಾರಬಾರದು ಎಂಬ ನಿಯಮ 2011ರಿಂದ ಇದೆ. ಬಸ್‌ಸ್ಟ್ಯಾಂಡಿನ ಚರಂಡಿ ನೋಡಿದವರು ಅದನ್ನು ನಂಬುವುದು ಕಷ್ಟ.

ಕೊನೆಯದಾಗಿ ಈ ಸಭೆಯಿಂದ ಎರಡು ಕೆಲಸ ಆಗಬೇಕು ಎಂದು ನನ್ನ ಕೋರಿಕೆ. ಸಹಕಾರ ಸಂಘದಲ್ಲಿ ಬಾಡಿಗೆಗೆ ಕುರ್ಚಿ, ಶಾಮಿಯಾನ ಇದೆ. ಅದರ ಜೊತೆ ಮುನ್ನೂರು ಸ್ಟೀಲ್ ತಟ್ಟೆ, ಮುನ್ನೂರು ಲೋಟ ತರಿಸಿ. ತೊಳೆಯುವವರಿಗೆ ಬೇರೆ ಸಂಬಳ ಇಡಿ, ಬಾಡಿಗೆಯಲ್ಲೇ ಹಿಡಿಯಿರಿ. ಇಲ್ಲದಿದ್ದರೆ ತಟ್ಟೆ ಅಟ್ಟದಲ್ಲೇ ಉಳಿಯುತ್ತದೆ, ಕಾಗದದ ಲೋಟ ಮತ್ತೆ ಬರುತ್ತದೆ. ಎರಡನೆಯದು, ಪಂಚಾಯಿತಿಯ ಕಸದ ಗಾಡಿ ಮೇಲಿನ ಕೇರಿಗೆ ಮಳೆಗಾಲದಲ್ಲಿ ಹತ್ತುವುದಿಲ್ಲ ಎಂದು ಕೇಳಿದ್ದೇನೆ. ದಾರಿ ಜಾರುತ್ತದೆ, ಅದು ನಿಜ. ಹಾಗಾದರೆ ಮೇಲಿನ ಕೇರಿಯವರು ಒಣ ಕಸ ತಂದಿಡಲು ಶಾಲೆಯ ಹತ್ತಿರ ಮಾಡು, ಅಂದರೆ ಸೂರು, ಇರುವ ಒಂದು ಜಾಗ ಬೇಕು. ಮಾಡು ಇಲ್ಲದಿದ್ದರೆ ನಾನು ಇಷ್ಟು ಹೊತ್ತು ಹೇಳಿದ ಒಣಗಿಸುವ ಕೆಲಸವೆಲ್ಲ ದಂಡ. ಪಂಚಾಯಿತಿ ಸದಸ್ಯರು ಇಲ್ಲೇ ಇದ್ದೀರಿ, ಜಾಗ ಯಾವುದು ಎಂದು ಈಗಲೇ ಹೇಳಿದರೆ ಚೆನ್ನ.

ಗಾಡಿ ಓಡಿಸುವ ತಂಗಿ ಅಲ್ಲಿ ಬಾಗಿಲ ಹತ್ತಿರ ಕೂತಿದ್ದಾರೆ. ಯಾವ ಮನೆಯ ಕಸ ಹೇಗಿರುತ್ತದೆ ಎಂದು ನನಗಿಂತ ಅವರಿಗೆ ಚೆನ್ನಾಗಿ ಗೊತ್ತು, ಹೆಸರು ಹೇಳದೆ ಹೇಳುತ್ತಾರೆ, ಹೆದರಬೇಡಿ. ಬಾರಮ್ಮ, ಮೈಕ್ ತಗೋ. ಪ್ರಶ್ನೆ ಇರುವವರು ಅವರನ್ನೇ ಕೇಳಿ.