ಮಾರಾಟ ಮುಗಿಯುವುದು ಯಾವಾಗ?

ನಮಸ್ಕಾರ. ಇವತ್ತು ಒಂದು ಜೊತೆ ಬೂಟಿನಿಂದ ಶುರುವಾದ ಕಂಪನಿಯ ಬಗ್ಗೆ ಮಾತಾಡ್ತೀನಿ. ಅಮೆರಿಕದ ಈಶಾನ್ಯ ಮೂಲೆಯಲ್ಲಿ ಮೇಯ್ನ್ ಅಂತ ಒಂದು ರಾಜ್ಯ. ಅಲ್ಲಿನ ಫ್ರೀಪೋರ್ಟ್ ಅನ್ನುವ ಸಣ್ಣ ಊರಿನಲ್ಲಿ 1912ರಲ್ಲಿ ಹುಟ್ಟಿದ ಎಲ್.ಎಲ್. ಬೀನ್ ಕಂಪನಿ. ಕಾಡು, ಹೊಳೆ, ಹಿಮ ಅಂತ ತಿರುಗುವವರಿಗೆ ಬಟ್ಟೆ, ಬೂಟು, ಚೀಲ ಮಾರುವುದು ಅದರ ಕಸುಬು. ಕೊಂಡ ಸರಕು ಹಿಡಿಸಲಿಲ್ಲವಾದರೆ ಯಾವಾಗ ಬೇಕಾದರೂ ವಾಪಸ್ ತನ್ನಿ ಅನ್ನುವ ಮಾತಿನ ಮೇಲೆಯೇ ನೂರು ವರ್ಷ ವ್ಯಾಪಾರ ಮಾಡಿದ ಕಂಪನಿ ಇದು. 2018ರ ಫೆಬ್ರವರಿಯಲ್ಲಿ ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿತು. ಇನ್ನು ಮೇಲೆ ಒಂದೇ ವರ್ಷ, ಅದೂ ಕೊಂಡದ್ದಕ್ಕೆ ಪುರಾವೆ ಇದ್ದರೆ.

ಅವತ್ತು ಜನ ಸಿಕ್ಕಾಪಟ್ಟೆ ಬೈದರು. ಕೊಟ್ಟ ಮಾತಿಗೆ ತಪ್ಪಿದರು ಅಂದರು. ಕೆಲವರು ಕೋರ್ಟಿಗೂ ಹೋದರು. ನನ್ನ ಅಭಿಪ್ರಾಯ ಬೇರೆ. ಆ ಮಾತು ಕೆಟ್ಟದ್ದು 2018ರಲ್ಲಲ್ಲ, ಅದಕ್ಕೂ ಬಹಳ ಮೊದಲೇ. ಕಂಪನಿಯೂ ಗಿರಾಕಿಯೂ ಸೇರಿಕೊಂಡೇ ಅದನ್ನು ಕೆಡಿಸಿದರು. ಯಾಕೆ ಹಾಗಂತೀನಿ ಅನ್ನುವುದಕ್ಕೆ ಮೊದಲ ನೂರು ಜೊತೆ ಬೂಟಿನ ಕಥೆ ಸ್ವಲ್ಪ ನಿಧಾನವಾಗಿಯೇ ಹೇಳಬೇಕು.

ಲಿಯಾನ್ ಲಿಯಾನ್‌ವುಡ್ ಬೀನ್ ಹುಟ್ಟಿದ್ದು 1872ರಲ್ಲಿ, ಮೇಯ್ನ್‌ನಲ್ಲೇ. ಚಿಕ್ಕ ಹುಡುಗನಾಗಿದ್ದಾಗಲೇ ತಂದೆ ತಾಯಿ ಇಬ್ಬರೂ ತೀರಿಕೊಂಡರು. ದೊಡ್ಡವನಾದ ಮೇಲೆ ಸಹೋದರನ ಜೊತೆ ಬಟ್ಟೆ ಅಂಗಡಿ ನಡೆಸುತ್ತಿದ್ದ. ಮನಸ್ಸೆಲ್ಲ ಬೇಟೆ ಮೇಲೆ, ಮೀನು ಹಿಡಿಯುವುದರ ಮೇಲೆ. ಮೇಯ್ನ್‌ನ ಬೇಟೆ ಕಾಲ ಅಂದರೆ ಚಳಿಗಾಲದ ಹೊಸ್ತಿಲು. ನೆಲದ ಮೇಲೆ ಒದ್ದೆ ಹಿಮ, ಕೆಳಗೆ ಕೆಸರು. ತೊಗಲಿನ ಬೂಟು ಹಾಕಿಕೊಂಡರೆ ಮಧ್ಯಾಹ್ನದ ಹೊತ್ತಿಗೆ ನೀರು ಕುಡಿದು ಭಾರವಾಗುತ್ತದೆ, ಕಾಲು ಮರಗಟ್ಟುತ್ತದೆ. ಪೂರ್ತಿ ರಬ್ಬರಿನದು ಹಾಕಿಕೊಂಡರೆ ಹೊರಗಿನ ನೀರು ಬರುವುದಿಲ್ಲ ನಿಜ, ಆದರೆ ಒಳಗೆ ಬೆವತು ಅದೇ ಒದ್ದೆ. ಬೀನ್ ಎರಡನ್ನೂ ಸೇರಿಸಿದ. ಕೆಲಸಗಾರರು ಹಾಕುವ ರಬ್ಬರ್ ಬೂಟಿನ ತಳ ತೆಗೆದುಕೊಂಡು, ಅದರ ಮೇಲೆ ಹಗುರವಾದ ತೊಗಲಿನ ಮೇಲ್ಭಾಗ ಹೊಲಿಸಿದ. ನೀರಿಗೆ ತಾಗುವ ಕಡೆ ರಬ್ಬರು, ಗಾಳಿಯಾಡಬೇಕಾದ ಕಡೆ ತೊಗಲು. ಅಷ್ಟೇ ಉಪಾಯ.

ಇನ್ನು ಮಾರುವುದು ಯಾರಿಗೆ? ಬೇಟೆಗೆ ಅಂತ ಬೇರೆ ರಾಜ್ಯಗಳಿಂದ ಮೇಯ್ನ್‌ಗೆ ಬರುವವರು ಲೈಸೆನ್ಸ್ ಮಾಡಿಸಬೇಕಿತ್ತು. ಬೀನ್ ಆ ಲೈಸೆನ್ಸ್ ಪಡೆದವರ ಪಟ್ಟಿ ಹಿಡಿದುಕೊಂಡು, ಅವರಿಗೆಲ್ಲ ಅಂಚೆಯಲ್ಲಿ ಕರಪತ್ರ ಕಳಿಸಿದ. ಬಂದೂಕು ಬಿಟ್ಟರೆ ಕಾಲಿಗೆ ಹಾಕುವುದೇ ಮುಖ್ಯ, ಕಾಲಿಗೆ ಸರಿಯಾದ ಬೂಟಿಲ್ಲದೆ ಜಿಂಕೆ ಬೇಟೆ ಕೈಗೂಡುವುದಿಲ್ಲ ಅಂತ ಅದರಲ್ಲಿ ಬರೆದಿದ್ದ. ಬೆಲೆ ಮೂರೂವರೆ ಡಾಲರ್. ಹಿಡಿಸದಿದ್ದರೆ ದುಡ್ಡು ವಾಪಸ್.

ನೂರು ಜೊತೆ ಹೋಯಿತು. ಅದರಲ್ಲಿ ತೊಂಬತ್ತು ಜೊತೆ ತಿರುಗಿ ಬಂತು!

ಏನಾಗಿತ್ತು ಅಂದರೆ, ತಳದ ರಬ್ಬರು ಹೊಲಿಗೆ ತಡೆಯುವಷ್ಟು ಗಟ್ಟಿಯಾಗಿರಲಿಲ್ಲ. ನಡೆಯುವಾಗ ಪಾದ ಮಡಚುವ ಜಾಗ ಇದೆಯಲ್ಲ, ಪ್ರತಿ ಹೆಜ್ಜೆಗೂ ಅಲ್ಲಿ ದಾರ ಎಳೆಯುತ್ತದೆ. ಎಳೆದು ಎಳೆದು ಸೂಜಿ ತೂತುಗಳು ಹಿಗ್ಗಿ, ಒಂದಕ್ಕೊಂದು ಸೇರಿ ಹರಿದುಹೋಗುತ್ತವೆ. ತೊಗಲು ಒಂದು ಕಡೆ, ರಬ್ಬರು ಒಂದು ಕಡೆ. ಬೀನ್ ಅಷ್ಟೂ ಜನಕ್ಕೆ ದುಡ್ಡು ವಾಪಸ್ ಕೊಟ್ಟ. ಸಾಲ ಮಾಡಿದ. ಬಾಸ್ಟನ್‌ನ ರಬ್ಬರ್ ಕಂಪನಿಯವರನ್ನು ಹಿಡಿದು ಹಗುರವಾದ, ಗಟ್ಟಿಯಾದ ತಳ ಮಾಡಿಸಿದ. ಮತ್ತೆ ಅಂಚೆಗೆ ಹಾಕಿದ.

ಈ ಕಥೆಯನ್ನು ಎಲ್ಲರೂ ಪ್ರಾಮಾಣಿಕತೆಯ ಕಥೆ ಅಂತ ಹೇಳ್ತಾರೆ. ಪ್ರಾಮಾಣಿಕತೆ ಇತ್ತು, ಅದರಲ್ಲಿ ಎರಡು ಮಾತಿಲ್ಲ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆ. ಆ ಹರಿದ ತೊಂಬತ್ತು ಜೊತೆ ಬೂಟು ವಾಪಸ್ ಬರದೇ ಇದ್ದಿದ್ದರೆ ಹೊಲಿಗೆ ಎಲ್ಲಿ ಬಿಡುತ್ತದೆ ಅಂತ ಬೀನ್‌ಗೆ ಗೊತ್ತಾಗುತ್ತಲೇ ಇರಲಿಲ್ಲ. ಕೊಂಡವರು ಬೈದುಕೊಂಡು ಮೂಲೆಗೆ ಎಸೆದು ಸುಮ್ಮನಾಗಿಬಿಡುತ್ತಿದ್ದರು, ಮರುವರ್ಷ ಬೀನ್ ಅದೇ ಕೆಟ್ಟ ಬೂಟನ್ನು ಇನ್ನೊಂದು ನೂರು ಜನಕ್ಕೆ ಕಳಿಸುತ್ತಿದ್ದ. ದುಡ್ಡು ವಾಪಸ್ ಅನ್ನುವ ಒಂದು ಮಾತಿಗಾಗಿ ಗಿರಾಕಿ ಬೂಟನ್ನು ಪಾರ್ಸೆಲ್ ಮಾಡಿ ಕಳಿಸಿದ. ತಯಾರಕನ ಕೈಗೆ ತನ್ನದೇ ತಪ್ಪು ಬಂದು ಬಿತ್ತು.

ಇದು ನನ್ನ ಊಹೆ ಮಾತ್ರ ಅಲ್ಲ. 1916ರಲ್ಲಿ ಬೀನ್ ತನ್ನ ಗಿರಾಕಿಗಳಿಗೆ ಒಂದು ಪ್ರಕಟಣೆ ಹೊರಡಿಸಿದ. ಸರಕು ಸವೆದು ಮುಗಿದು, ಆಮೇಲೂ ಗಿರಾಕಿಗೆ ತೃಪ್ತಿ ಇದ್ದರೆ ಮಾತ್ರ ಮಾರಾಟ ಪೂರ್ತಿಯಾಯಿತು ಅಂತ ನಾನು ಭಾವಿಸುತ್ತೇನೆ ಅನ್ನುವುದು ಅದರ ಮೊದಲ ಸಾಲಿನ ಅರ್ಥ. ಇದನ್ನು ಎಲ್ಲರೂ ಎತ್ತಿ ಹೇಳ್ತಾರೆ. ಮುಂದಿನ ಸಾಲುಗಳನ್ನು ಯಾರೂ ಹೇಳುವುದಿಲ್ಲ. ಹಿಡಿಸದ ಸರಕನ್ನು ವಾಪಸ್ ಕಳಿಸಿದರೆ ನಿಮಗೆ ಧನ್ಯವಾದ ಹೇಳುತ್ತೇವೆ ಅಂತ ಅದರಲ್ಲಿದೆ. ನಮ್ಮ ಸರಕಿನಿಂದ ಬೇಸರಗೊಂಡವರು ನಿಮಗೆ ಯಾರಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ, ಅದು ನನಗೆ ಮಾಡಿದ ಉಪಕಾರ ಅಂತಲೂ ಇದೆ. ದೂರು ಹೇಳಿ ಅಂತ ಬೇಡುತ್ತಿದ್ದಾನೆ ಮನುಷ್ಯ! ಅವನಿಗೆ ಬೇಕಾಗಿದ್ದದ್ದು ಸುದ್ದಿ.

ಇನ್ನೊಂದು ವಿಷಯ ಗಮನಿಸಿ. ಸರಕು ಸವೆಯುತ್ತದೆ ಅಂತ ಆ ಪ್ರಕಟಣೆಯೇ ಒಪ್ಪಿಕೊಂಡಿದೆ. ಸವೆದು ಹೋದದ್ದಕ್ಕೆ ಹೊಸದು ಕೊಡುತ್ತೇನೆ ಅಂತ ಅದು ಹೇಳುವುದೇ ಇಲ್ಲ. ಬೂಟು ಇಪ್ಪತ್ತು ವರ್ಷ ದುಡಿದು ಸತ್ತರೆ ಮಾರಾಟ ಮುಗಿಯಿತು, ಲೆಕ್ಕ ಚುಕ್ತಾ. ಇದು ಮರೆತುಹೋದದ್ದೇ ಮುಂದಿನ ಎಲ್ಲ ಗೋಳಿಗೂ ಕಾರಣ ಅಂತ ನಾನು ನಂಬಿದ್ದೀನಿ.

ಕಂಪನಿ ಬೆಳೆದದ್ದನ್ನು ಬೇಗ ಹೇಳಿಬಿಡ್ತೀನಿ. 1913ರ ಜನವರಿ 1ರಿಂದ ಅಮೆರಿಕದ ಅಂಚೆ ಇಲಾಖೆ ಪಾರ್ಸೆಲ್ ಸೇವೆ ಶುರು ಮಾಡಿತು. ಅಂಚೆಯಲ್ಲಿ ಮಾರುವವನಿಗೆ ಇದಕ್ಕಿಂತ ಒಳ್ಳೆ ಕಾಲ ಇನ್ನೊಂದಿಲ್ಲ. ಬೀನ್‌ನ ಒಬ್ಬ ಸಹೋದರನೇ ಫ್ರೀಪೋರ್ಟ್‌ನ ಪೋಸ್ಟ್‌ಮಾಸ್ಟರ್ ಬೇರೆ. 1944ರಲ್ಲಿ ಮನೆಗೆ ಮಂಜುಗಡ್ಡೆ ಹೊತ್ತು ತರುವುದಕ್ಕೆ ಅಂತ ಒಂದು ದಪ್ಪ ಕ್ಯಾನ್ವಾಸ್ ಚೀಲ ಮಾಡಿದರು, ಅದು ಇವತ್ತಿಗೂ ಮಾರಾಟದಲ್ಲಿದೆ. 1951ರಿಂದ ಫ್ರೀಪೋರ್ಟ್ ಅಂಗಡಿಗೆ ಬಾಗಿಲು ಹಾಕುವುದನ್ನೇ ಬಿಟ್ಟರು. ಹಗಲು ರಾತ್ರಿ, ವರ್ಷವಿಡೀ ತೆರೆದಿರುವ ಅಂಗಡಿ. ನಡುರಾತ್ರಿ ಊರು ದಾಟಿ ಕಾಡಿಗೆ ಹೋಗುವ ಬೇಟೆಯವರು ಬಂದು ಬಾಗಿಲು ಬಡಿಯುತ್ತಿದ್ದರಲ್ಲ, ಅದಕ್ಕೆ.

1967ರಲ್ಲಿ ಬೀನ್ ತೀರಿಕೊಂಡಾಗ ವಯಸ್ಸು 94. ಮೊಮ್ಮಗ ಲಿಯಾನ್ ಗೋರ್ಮನ್ ಅಧ್ಯಕ್ಷನಾದ. ಆಗ ಇಡೀ ಕಂಪನಿಯ ವರ್ಷದ ಮಾರಾಟ ಐವತ್ತು ಲಕ್ಷ ಡಾಲರಿನ ಒಳಗೇ ಇತ್ತು. 2001ರಲ್ಲಿ ಗೋರ್ಮನ್ ಆ ಕುರ್ಚಿ ಬಿಡುವ ಹೊತ್ತಿಗೆ ಅದು ನೂರು ಕೋಟಿ ಡಾಲರ್ ದಾಟಿತ್ತು. ಮೊಮ್ಮಗನೇ ನಿಜವಾಗಿ ಈ ಕಂಪನಿ ಕಟ್ಟಿದವನು ಅಂತ ನಾನು ಹೇಳ್ತೀನಿ. ತಾತನ ಹೆಸರು ಬೂಟಿನ ಮೇಲಿದೆ, ಮೊಮ್ಮಗನ ದುಡಿಮೆ ಬಗ್ಗೆ ಮಾತಾಡುವವರೇ ಕಡಿಮೆ.

ಆದರೆ ಕೆಡುಕು ಶುರುವಾದದ್ದೂ ಈ ಬೆಳವಣಿಗೆಯ ಒಳಗೇ. ತಾತನ ಕಾಲದಲ್ಲಿ ವಾಪಸ್ ಬಂದ ಬೂಟು, ಅದನ್ನು ಮಾಡಿದವನ ಮೇಜಿನ ಮೇಲೆ ಬೀಳುತ್ತಿತ್ತು. ಈಗ ಏನಾಗಿದೆ? ಆ ಬೂಟನ್ನು ಇವತ್ತಿಗೂ ಮೇಯ್ನ್‌ನ ಬ್ರನ್ಸ್‌ವಿಕ್, ಲೂಯಿಸ್ಟನ್ ಊರುಗಳ ಕಾರ್ಖಾನೆಗಳಲ್ಲೇ ಹೊಲಿಯುತ್ತಾರೆ, ಕ್ಯಾನ್ವಾಸ್ ಚೀಲವೂ ಅಲ್ಲಿಯದೇ. ಅಂಗಿ, ಜಾಕೆಟ್ಟು, ಪ್ಯಾಂಟು ಬಹುಪಾಲು ಹೊರದೇಶಗಳಲ್ಲಿ ಬೇರೆಯವರ ಕಾರ್ಖಾನೆಯಲ್ಲಿ ತಯಾರಾಗಿ ಬರುತ್ತವೆ. ಅದು ತಪ್ಪು ಅಂತಲ್ಲ. ಆದರೆ ಹರಿದು ಬಂದ ಅಂಗಿ ಕೌಂಟರಿಗೆ ಬಂದರೆ, ಅಲ್ಲಿ ನಿಂತಿರುವ ಹುಡುಗನಿಗೆ ಅದನ್ನು ಹೊಲಿದವರು ಯಾರು ಅಂತ ಗೊತ್ತಿರುವುದಿಲ್ಲ. ದುಡ್ಡು ಎಣಿಸಿ ಕೊಡ್ತಾನೆ. ಅಂಗಿ ಒಂದು ಪೆಟ್ಟಿಗೆಗೆ ಹೋಗುತ್ತದೆ. ಸುದ್ದಿ ಅಲ್ಲಿಗೇ ನಿಂತಿತು.

ಇಷ್ಟಾದರೂ ಕ್ಯಾಟಲಾಗ್‌ನಲ್ಲಿ ವರ್ಷ ವರ್ಷವೂ ಅದೇ ಮಾತು: ನಮ್ಮಿಂದ ಕೊಂಡದ್ದು ಏನೇ ಇರಲಿ, ಯಾವಾಗ ಬೇಕಾದರೂ ವಾಪಸ್ ತನ್ನಿ. ಆ ಮಾತನ್ನು ನೋಡಿಯೇ ಜನ ಕೊಳ್ಳುತ್ತಿದ್ದರು, ಕಂಪನಿಗೂ ಅದು ಚೆನ್ನಾಗಿ ಗೊತ್ತಿತ್ತು. ಸವೆದದ್ದಕ್ಕೂ ಹೊಸದು ಸಿಗುತ್ತದೆ ಅಂತ ಗಿರಾಕಿ ಅಂದುಕೊಂಡರೆ, ಅಲ್ಲಪ್ಪಾ ನಮ್ಮ ಮಾತಿನ ಅರ್ಥ ಅದಲ್ಲ ಅಂತ ದಶಕಗಳ ಕಾಲ ಯಾರೂ ತಿದ್ದಲಿಲ್ಲ. ತಿದ್ದಿದರೆ ಮಾರಾಟಕ್ಕೆ ಪೆಟ್ಟು. ಇದು ಕಂಪನಿಯ ಪಾಲಿನ ತಪ್ಪು, ಇದನ್ನು ನಾನು ಮರೆಮಾಚಲ್ಲ.

ಗಿರಾಕಿಗಳ ಪಾಲು ಇನ್ನೂ ಕೆಟ್ಟದು. 2018ರಲ್ಲಿ ಬೀನ್‌ನ ಮರಿಮೊಮ್ಮಗ, ಆಗಿನ ಮುಖ್ಯಸ್ಥ ಶಾನ್ ಗೋರ್ಮನ್ ಗಿರಾಕಿಗಳಿಗೆ ಬರೆದ ಪತ್ರದಲ್ಲಿ ಇದು ಬಹಳ ಮರ್ಯಾದೆಯ ಮಾತಿನಲ್ಲಿದೆ. ವರ್ಷಾನುಗಟ್ಟಲೆ ಬಳಸಿ ಪೂರ್ತಿ ಸವೆಸಿದ ಬಟ್ಟೆ ತಂದು ದುಡ್ಡು ಕೇಳುವವರು ಇದ್ದಾರೆ. ಬೇರೆಯವರು ಮನೆ ಅಂಗಳದಲ್ಲಿ ಹಳೇ ಸಾಮಾನು ಮಾರುವಾಗ ಪುಡಿಗಾಸಿಗೆ ಕೊಂಡು, ಅದನ್ನು ತಂದು ವಾಪಸ್ ಕೊಡುವವರೂ ಇದ್ದಾರೆ. ಹಾಗೆ ಬಂದು, ನಾಶ ಮಾಡದೆ ಬೇರೆ ದಾರಿಯೇ ಇಲ್ಲದಂಥ ಸರಕಿನಿಂದ ಐದು ವರ್ಷದಲ್ಲಿ ಆದ ನಷ್ಟ 25 ಕೋಟಿ ಡಾಲರ್ ಅಂತ ಕಂಪನಿ ಹೇಳಿತು. ಒಂದು ಕ್ಷಣ ಯೋಚನೆ ಮಾಡಿ. ಯಾರೋ ಬೆಳೆದ ಹತ್ತಿ, ಯಾರೋ ಹೊಲಿದ ಕಾಲರ್, ಇನ್ನೊಬ್ಬರು ಹಾಕಿಕೊಂಡು ಸುಖಪಟ್ಟ ಅಂಗಿ. ಅದಕ್ಕೆ ಬದಲಾಗಿ ಇನ್ನೊಂದು ಹೊಸ ಅಂಗಿ ತಯಾರಾಗಬೇಕು, ಹಳೆಯದು ಕಸಕ್ಕೆ ಹೋಗಬೇಕು. ಕಾಡು ಮೇಡು ಪ್ರೀತಿಸ್ತೀವಿ ಅನ್ನುವ ಜನ ಮಾಡುವ ಕೆಲಸವೇ ಇದು?

ಇದು ಒಂದೇ ಕಂಪನಿಯ ಪಾಡೂ ಅಲ್ಲ. ಆರ್‌ಇಐ ಅಂತ ಇದೆ, 1938ರಲ್ಲಿ ಸಿಯಾಟಲ್‌ನಲ್ಲಿ ಪರ್ವತ ಹತ್ತುವವರೇ ಸೇರಿ ಕಟ್ಟಿಕೊಂಡ ಸಹಕಾರ ಸಂಘ. ಅಲ್ಲಿ ಕೊಳ್ಳುವವರೇ ಸದಸ್ಯರು, ಅಂದರೆ ಮಾಲೀಕರು. ಅವರೂ ಯಾವಾಗ ಬೇಕಾದರೂ ವಾಪಸ್ ತನ್ನಿ ಅಂತಿದ್ದರು, 2013ರಲ್ಲಿ ಒಂದು ವರ್ಷಕ್ಕೆ ಇಳಿಸಿದರು. ಅಷ್ಟು ಹೊತ್ತಿಗೆ, ಕೊಂಡು ಬಳಸಿ ವಾಪಸ್ ಕೊಡುವುದು ನೋಡಿ, ಆ ಅಂಗಡಿಗೆ ಬಾಡಿಗೆ ಸಾಮಾನಿನ ಅಂಗಡಿ ಅಂತ ಜನರೇ ಅಡ್ಡಹೆಸರು ಇಟ್ಟಾಗಿತ್ತು. ತಮ್ಮದೇ ಸಂಘದ ದುಡ್ಡು ಅಂತ ಗೊತ್ತಿದ್ದೂ ಹಾಗೆ ಮಾಡಿದರು ಅಂದಮೇಲೆ, ಬೀನ್ ಮನೆತನದ ಖಾಸಗಿ ಕಂಪನಿಯನ್ನು ಬಿಡ್ತಾರಾ?

ಹಾಗಾಗಿ 2018ರ ನಿರ್ಧಾರ ಸರಿ ಅಂತಲೇ ನಾನು ಹೇಳೋದು. ಒಂದು ವರ್ಷ ಕಳೆದ ಮೇಲೂ ತಯಾರಿಕೆಯಲ್ಲೇ ದೋಷ ಇದ್ದರೆ ಪರಿಶೀಲಿಸುತ್ತೇವೆ ಅಂತ ಹೊಸ ನಿಯಮದಲ್ಲೂ ಇದೆ, ಬೈಯುವವರು ಅದನ್ನು ಹೇಳುವುದಿಲ್ಲ. ಆದರೆ ನನ್ನ ತಕರಾರು ಇರುವುದು ಹೊಸ ನಿಯಮದ ಗುಣದ ಬಗ್ಗೆ. ಅದರಲ್ಲಿ ರಸೀದಿ ಇದೆ, ಗಡುವು ಇದೆ, ಷರತ್ತುಗಳ ಪಟ್ಟಿ ಇದೆ. 1916ರಲ್ಲಿ ಏನು ಕೆಟ್ಟಿತು ಹೇಳಿ ಅಂತ ಕೇಳುತ್ತಿದ್ದ ದನಿ ಇಲ್ಲ. ಆ ಕಂಪನಿಗೆ ಹಳೆಯ ಮಾತನ್ನು ಉಳಿಸಿಕೊಳ್ಳುವ ದಾರಿ ಕೈಯಲ್ಲೇ ಇತ್ತು, ಈಗಲೂ ಇದೆ. ಅದು ರಿಪೇರಿ.

ಬೀನ್ ಬೂಟಿನ ತಳ ಸವೆದರೆ ಕಂಪನಿಗೆ ಕಳಿಸಬಹುದು. ಅವರು ಹಳೆಯ ಹೊಲಿಗೆ ಬಿಚ್ಚಿ, ಸವೆದ ರಬ್ಬರು ತೆಗೆದು, ಹೊಸ ರಬ್ಬರಿನ ತಳವನ್ನು ನಿಮ್ಮದೇ ತೊಗಲಿಗೆ ಹೊಲಿದು ಕಳಿಸುತ್ತಾರೆ. ವರ್ಷಗಳಿಂದ ನಿಮ್ಮ ಕಣಕಾಲಿಗೆ ಹೊಂದಿಕೊಂಡ ತೊಗಲು ಹಾಗೇ ಉಳಿಯುತ್ತದೆ. ಇದಕ್ಕೆ ದುಡ್ಡು ತೆಗೆದುಕೊಳ್ತಾರೆ, ತೆಗೆದುಕೊಳ್ಳಲೇಬೇಕು. ಆಗ ಸುಮ್ಮನೆ ತಂದು ಬಿಸಾಕುವವನು ಬರುವುದಿಲ್ಲ, ಆ ಬೂಟು ಬೇಕು ಅನ್ನುವವನು ಮಾತ್ರ ಬರ್ತಾನೆ. ಎಲ್ಲಕ್ಕಿಂತ ಮುಖ್ಯವಾಗಿ, ಎಲ್ಲಿ ಸವೆಯಿತು, ಎಲ್ಲಿ ಬಿರುಕು ಬಿಟ್ಟಿತು ಅನ್ನುವುದು ಹೊಲಿಗೆ ಗೊತ್ತಿರುವವರ ಕಣ್ಣಿಗೆ ಬೀಳುತ್ತದೆ. ಮೊದಲ ತೊಂಬತ್ತು ಜೊತೆ ಬೂಟು ಮಾಡಿದ ಕೆಲಸವೇ ಇದು.

ಇಂಥದ್ದೇ ಬಟ್ಟೆ ಮಾರುವ ಪಟಗೋನಿಯಾ ಕಂಪನಿ ನೆವಾಡಾ ರಾಜ್ಯದ ರೀನೋದಲ್ಲಿ ಬಟ್ಟೆ ರಿಪೇರಿಗೆ ಅಂತಲೇ ದೊಡ್ಡ ಕೇಂದ್ರ ನಡೆಸುತ್ತದೆ. ಜಿಪ್ ಕಿತ್ತ ಜಾಕೆಟ್ಟು, ಬೆಂಕಿ ಕಿಡಿ ಬಿದ್ದು ತೂತಾದ ತೋಳು, ಎಲ್ಲ ಅಲ್ಲಿಗೆ ಬರುತ್ತವೆ. ಅಂದರೆ ಇದು ಆಗದ ಮಾತಲ್ಲ. ಬೀನ್‌ನವರು ಬೂಟಿಗೆ ಕೊಡುವ ಗಮನವನ್ನು ತಮ್ಮ ಹೆಸರಿನ ಪ್ರತಿಯೊಂದು ಜಾಕೆಟ್ಟಿಗೂ ಪ್ಯಾಂಟಿಗೂ ಕೊಡಬೇಕು ಅನ್ನುವುದು ನನ್ನ ಆಗ್ರಹ. ಕ್ಯಾಟಲಾಗ್‌ನ ಮೊದಲ ಪುಟದಲ್ಲೇ ರಿಪೇರಿ ದರ ಅಚ್ಚಾಗಲಿ. ಹರಿದ ಅಂಗಿ ಹಿಡಿದು ಬಂದವರಿಗೆ ಕೌಂಟರಿನಲ್ಲಿ ರಸೀದಿ ಕೇಳುವುದಕ್ಕಿಂತ ಮೊದಲು, ಇದು ಎಲ್ಲಿ ಹರಿಯಿತು, ಏನು ಮಾಡುವಾಗ ಹರಿಯಿತು ಅಂತ ಕೇಳಲಿ. ಉತ್ತರವನ್ನು ಬರೆದುಕೊಂಡು, ಅದನ್ನು ಹೊಲಿದ ಕಾರ್ಖಾನೆ ಯಾವ ದೇಶದಲ್ಲಿದ್ದರೂ ಸರಿ, ಅಲ್ಲಿಗೆ ಮುಟ್ಟಿಸಲಿ.