ಮನೆಗೆ ಎಷ್ಟು ದಪ್ಪದ ವೈರು, ಎಷ್ಟು ದಪ್ಪದ ಅರ್ತ್

ಕೇಳುಗರಿಗೆ ನಮಸ್ಕಾರ. ಮೀಟರಿನಿಂದ ಮನೆಯೊಳಗಿನ ಬೋರ್ಡಿಗೆ ಎಂಥ ವೈರು ಎಳೆಯಬೇಕು ಎಂದು ಕೇಳಿದರೆ ಹಲವರು ಕಣ್ಣಂದಾಜಿನಲ್ಲಿ ಹೇಳಿಬಿಡುತ್ತಾರೆ. ಆದರೆ ಇದು ಲೆಕ್ಕ ಹಾಕಿ ನೋಡಬೇಕಾದ ವಿಷಯ.

ಮೊದಲು ಲೋಡ್. ಒಂದೇ ಹೊತ್ತಿಗೆ ಓಡಬಹುದಾದ ಉಪಕರಣಗಳ ವ್ಯಾಟ್ ಕೂಡಿಸಿ. ಗೀಸರ್ 2000, ಎಸಿ 1600, ಇಂಡಕ್ಷನ್ ಒಲೆ 1800, ಪಂಪು 750, ಫ್ರಿಜ್ಜು, ಫ್ಯಾನು, ದೀಪ ಎಲ್ಲ ಸೇರಿ 400. ಒಟ್ಟು 6550. ಸಿಂಗಲ್ ಫೇಸಿನ 230 ವೋಲ್ಟಿನಿಂದ ಭಾಗಿಸಿದರೆ ಇಪ್ಪತ್ತೆಂಟೂವರೆ ಆಂಪಿಯರ್. ಮೋಟರುಗಳು ತುಸು ಹೆಚ್ಚೇ ಎಳೆಯುತ್ತವೆ, 30 ಎಂದಿಟ್ಟುಕೊಳ್ಳಿ. ಇದಕ್ಕೆ 32 ಆಂಪಿಯರಿನ ಎಂಸಿಬಿ, ಅಂದರೆ ಕರೆಂಟು ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್ಚು. ವೈರು ತಾಳಿಕೊಳ್ಳುವ ಕರೆಂಟು ಈ 32ಕ್ಕಿಂತ ಕಡಿಮೆ ಇರಲೇಬಾರದು. ಇದ್ದರೆ ಎಂಸಿಬಿ ಬೀಳುವ ಮೊದಲೇ ವೈರಿನ ಇನ್ಸುಲೇಷನ್ ಬೇಯುತ್ತದೆ.

ಎಡವುವುದು ಇಲ್ಲೇ. ಪಿವಿಸಿ ಹೊದಿಕೆಯ 6 ಚದರ ಮಿಲಿಮೀಟರ್ ತಾಮ್ರದ ವೈರು ಪೈಪಿನೊಳಗೆ 41 ಆಂಪಿಯರ್ ತಾಳುತ್ತದೆ ಎನ್ನುತ್ತದೆ ಕೋಷ್ಟಕ. ಅದು ಸುತ್ತಲಿನ ಉಷ್ಣತೆ 30 ಡಿಗ್ರಿ ಇದ್ದು, ಪೈಪಿನಲ್ಲಿ ಒಂದೇ ಸರ್ಕ್ಯೂಟ್ ಇದ್ದಾಗಿನ ಮಾತು. ಉಷ್ಣತೆ 40ಕ್ಕೆ ಏರಿದರೆ 0.87ರಿಂದ ಗುಣಿಸಬೇಕು; ಅದೇ ಪೈಪಿನಲ್ಲಿ ಮೂರು ಸರ್ಕ್ಯೂಟ್ ಇದ್ದರೆ ಮತ್ತೆ 0.7ರಿಂದ. ಆಗ 41 ಇಳಿದು 25 ಆಗುತ್ತದೆ! ಅದೇ ಲೆಕ್ಕದಲ್ಲಿ 10 ಚದರ ಮಿಲಿಮೀಟರಿನ 57 ಆಂಪಿಯರ್ ಇಳಿದು ಸುಮಾರು 35ಕ್ಕೆ ನಿಲ್ಲುತ್ತದೆ. ಈ ಮನೆಗೆ ಬೇಕಾದದ್ದು ಅದು. ಕರೆಂಟು ಹಿಂತಿರುಗುವ ನ್ಯೂಟ್ರಲ್ ವೈರು ಕೂಡ ಅಷ್ಟೇ ದಪ್ಪ.

ದೂರ 30 ಮೀಟರ್ ಇದ್ದರೆ, ಬಿಸಿಯಾದ 10ರ ವೈರಿನಲ್ಲಿ ಹೋಗಿಬರುವಷ್ಟಕ್ಕೆ ಸುಮಾರು 4 ವೋಲ್ಟ್ ಕಳೆದುಹೋಗುತ್ತದೆ. ಅದು ಪರವಾಗಿಲ್ಲ. ಅಲ್ಯೂಮಿನಿಯಂ ಹಾಕುವುದಾದರೆ ಒಂದು ಹಂತ ದಪ್ಪ, ಅಂದರೆ 16, ತೆಗೆದುಕೊಳ್ಳಿ. ಅದನ್ನು ತಾಮ್ರಕ್ಕೆ ನೇರವಾಗಿ ಸುತ್ತಿ ಕಟ್ಟಬೇಡಿ, ಎರಡೂ ಲೋಹಕ್ಕೆ ಹೊಂದುವ ಬೈಮೆಟಾಲಿಕ್ ಲಗ್ (ವೈರಿನ ತುದಿಗೆ ಹಾಕುವ ಲೋಹದ ಜೋಡಣೆ) ಬಳಸಿ.

ಇನ್ನು ಅರ್ತ್. "ಅದರಲ್ಲಿ ಕರೆಂಟೇ ಹರಿಯುವುದಿಲ್ಲ, ತೆಳು ತಂತಿ ಸಾಕು" ಎನ್ನುವವರಿದ್ದಾರೆ. ಈ ಮಾತನ್ನು ದಯವಿಟ್ಟು ನಂಬಬೇಡಿ. ಗೀಸರಿನ ಮೈಗೆ ಫೇಸ್ ತಾಗಿದ ಕ್ಷಣ ಅದೇ ತಂತಿಯಲ್ಲಿ ನೂರಾರು ಆಂಪಿಯರ್ ನುಗ್ಗಿ ಎಂಸಿಬಿಯನ್ನು ಬೀಳಿಸಬೇಕು. ಫೇಸ್ ವೈರು 16 ಚದರ ಮಿಲಿಮೀಟರಿನವರೆಗೆ ಇದ್ದರೆ ಅರ್ತ್ ತಂತಿಯೂ ಅಷ್ಟೇ ಇರಲಿ, 35ರವರೆಗೆ 16, ಅದಕ್ಕೂ ಮೇಲಾದರೆ ಅರ್ಧ. ನಮ್ಮ ಲೆಕ್ಕಕ್ಕೆ 10, ಹಸಿರು ತಾಮ್ರ. ನಡುವೆ ಸ್ವಿಚ್ಚಾಗಲಿ ಫ್ಯೂಸಾಗಲಿ ಇರಕೂಡದು.

ಅರ್ತ್ ತಂತಿಯನ್ನು ನೆಲಕ್ಕೆ ಸೇರಿಸಲು ಗುಂಡಿ ತೋಡಿ ಉಪ್ಪು, ಇದ್ದಿಲು ತುಂಬಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಅರ್ತ್ ಗುಂಡಿಯ ರೋಧ 10 ಓಮ್ ಇದ್ದರೆ 230 ವೋಲ್ಟಿಗೆ ಹರಿಯುವುದು ಹೆಚ್ಚೆಂದರೆ 23 ಆಂಪಿಯರ್. 32ರ ಎಂಸಿಬಿ ಅಲುಗುವುದೂ ಇಲ್ಲ, ಗೀಸರಿನ ಮೈಯಲ್ಲಿ ಕರೆಂಟು ನಿಂತೇ ಇರುತ್ತದೆ. ಆದ್ದರಿಂದ ಅರ್ತಿಗೆ ಈ ಗುಂಡಿಯ ನೆಲವನ್ನೇ ನೆಚ್ಚಿಕೊಂಡ ಮನೆಗೆ, ಕರೆಂಟು ನೆಲಕ್ಕೆ ಸೋರಿದೊಡನೆ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಬೇಕೇ ಬೇಕು. ಸಾಕೆಟ್ಟಿನಲ್ಲಿ ನ್ಯೂಟ್ರಲ್ಲಿಗೂ ಅರ್ತಿಗೂ ಸೇತುವೆ ಹಾಕುವ ಅಭ್ಯಾಸವಂತೂ ಪ್ರಾಣಕ್ಕೇ ಎರವು: ನ್ಯೂಟ್ರಲ್ ಕಡಿದ ದಿನ ಆ ಉಪಕರಣದ ಮೈಯೇ ಫೇಸ್ ಆಗುತ್ತದೆ.

ಕೆಲಸ ಮುಗಿದ ಮೇಲೆ ಮೇನ್ ಆಫ್ ಮಾಡಿ, ಬೋರ್ಡಿನ ಅರ್ತ್ ಪಟ್ಟಿಗೂ ಗೀಸರಿನ ಲೋಹದ ಮೈಗೂ ಮಲ್ಟಿಮೀಟರ್ ಹಿಡಿಯಿಸಿ ನೋಡಿ. 1 ಓಮಿಗಿಂತ ಹೆಚ್ಚು ತೋರಿಸಿದರೆ ಎಲ್ಲೋ ಒಂದು ಲಗ್ ಸಡಿಲವಾಗಿದೆ. ಅದನ್ನು ಹುಡುಕಿ ಬಿಗಿ ಮಾಡಿಸಿಯೇ ಮೇನ್ ಹಾಕಿ.